ಹೋದ ಸಲದ ಅಳತೆ

…ನೀರಿಗೆ ಇಳಿಯುವುದು ನಮ್ಮ ಕೆಲಸವಲ್ಲ ಎಂದಿರೋ, ಇಳಿಯದಿರುವುದೇ ನಮ್ಮ ಕೆಲಸ ಎಂದಿರೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ, ತುರ್ತುಸೇವೆಯ ಮಾನ್ಯ ನಿರ್ದೇಶಕರೇ. ನೀವು ರೇಡಿಯೊದಲ್ಲಿ ಮಾತಾಡುವಾಗ ನಾನು ಗಾಜು ಕೊಯ್ಯುತ್ತಿದ್ದೆ. ಗಾಜು ಕೊಯ್ಯುವವನು ಅರ್ಧ ಕಿವಿ ಮಾತ್ರ ಕೊಡಬಲ್ಲ. ಆಗ ಎರಡೂ ಒಂದೇ ಅನಿಸಿತ್ತು. ಈಗ ಹಾಗನಿಸುತ್ತಿಲ್ಲ. ಮೊದಲನೆಯದು ಕೈಚೆಲ್ಲಿದವರ ಮಾತು, ಎರಡನೆಯದು ಕೆಲಸ ಬಲ್ಲವರ ಮಾತು. ನಿಮ್ಮ ಕಚೇರಿ ಇವೆರಡರ ನಡುವೆ ಎಲ್ಲಿ ನಿಂತಿದೆ ಎಂಬುದೇ ನನ್ನ ತಕರಾರು.

ನೇರವಾಗಿ ಹೇಳಿಬಿಡುತ್ತೇನೆ. ನನ್ನ ಹೆಂಡತಿ ನಿಮ್ಮ ತುರ್ತುದಳದಲ್ಲಿ ಬೆಂಕಿ ಆರಿಸುವ ಪಂಪು ನಡೆಸುವವಳು. ಹೋದ ತಿಂಗಳು ಕಾಲುವೆಗೆ ಇಳಿದು ಒಬ್ಬರನ್ನು ಬದುಕಿಸಿದಳು. ಆ ಒಂದು ಕೆಲಸಕ್ಕೆ ನಿಮ್ಮ ಕಚೇರಿಯಿಂದ ಎರಡು ಕಾಗದ ಹೊರಟವು. ‘ಸುತ್ತೋಲೆಯನ್ನು ಉಲ್ಲಂಘಿಸಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು’ ಎಂಬ ನೋಟಿಸು ಮನೆಗೆ ಬಂತು. ‘ಅಪ್ರತಿಮ ಸಾಹಸ’ವನ್ನು ಕೊಂಡಾಡುವ ಪ್ರಶಸ್ತಿಪತ್ರ ನನ್ನ ಅಂಗಡಿಗೆ ಬಂತು. ನಾನು ಫೋಟೊಗಳಿಗೆ ಕಟ್ಟು ಹಾಕುವವನು. ನಿಮ್ಮ ಇಲಾಖೆಯ ಕಟ್ಟುಗಳೆಲ್ಲ ಬಹಳ ಕಾಲದಿಂದ ನನ್ನಲ್ಲೇ ಆಗುತ್ತವೆ. ಎರಡು ಕಾಗದಕ್ಕೂ ಸಹಿ ನಿಮ್ಮದೇ. ಬೈಯುವ ಕೈಗೂ ಬೆನ್ನು ತಟ್ಟುವ ಕೈಗೂ ಪರಿಚಯವೇ ಇಲ್ಲದಿದ್ದರೆ, ಆ ಎರಡು ಕೈಗಳ ನಡುವೆ ಇರುವವರು ಯಾರು ಎಂದು ಕೇಳಬೇಕೆನಿಸುತ್ತದೆ.

ಅಂದು ನಡೆದದ್ದು ನಿಮ್ಮ ವರದಿಯಲ್ಲಿ ಇರುವುದಕ್ಕಿಂತ ಸ್ವಲ್ಪ ತಮಾಷೆಯಾಗಿತ್ತು. ಡ್ರೈವಿಂಗ್ ಶಾಲೆಯ ಮೇಷ್ಟ್ರೊಬ್ಬರು ಶಿಷ್ಯೆಗೆ ಕಾಲುವೆ ರಸ್ತೆಯಲ್ಲಿ ತಿರುವು ಕಲಿಸುತ್ತಿದ್ದರು. ಆಕೆ ಬ್ರೇಕೆಂದುಕೊಂಡು ಇನ್ನೊಂದನ್ನು ತುಳಿದರು. ಕಾರು ನೀರಿಗೆ ಬಿತ್ತು. ಶಿಷ್ಯೆ ಕಿಟಕಿಯಿಂದ ನುಸುಳಿ ಆರಾಮಾಗಿ ಈಜಿ ದಡ ಸೇರಿದರು. ಮೇಷ್ಟ್ರಿಗೆ ಈಜು ಬಾರದು. ಅವರು ಹೇಗೋ ಕಾರಿನ ನೆತ್ತಿಗೆ ಏರಿ, ‘ಕಲಿಯುತ್ತಿದ್ದಾರೆ, ದಯವಿಟ್ಟು ಸಹಕರಿಸಿ’ ಎಂಬ ಹಳದಿ ಫಲಕವನ್ನು ತಬ್ಬಿಕೊಂಡರು. ಮೇಲ್ಗಡೆ ತೂಬು ತೆರೆದಿದ್ದರಿಂದ ನೀರಿಗೆ ರಭಸವಿತ್ತು. ಕಾರು ನಿಧಾನವಾಗಿ ತಿರುಗುತ್ತ, ಕುಸಿಯುತ್ತ ಇತ್ತು. ನಿಮ್ಮ ದಳ ಬರುವಷ್ಟರಲ್ಲಿ ದಡದ ತುಂಬ ಜನ.

“ಬೆಂಕಿ ಅಂದ್ರೆ ನುಗ್ತೀರಿ, ನೀರು ಅಂದ್ರೆ ಜ್ವರ ಬರುತ್ತಾ?” ಎಂದ ಒಬ್ಬ.

“ಅಕ್ಕಾ, ಸ್ವಲ್ಪ ಆ ಕಡೆ ಸರೀರಿ, ವಿಡಿಯೊಗೆ ಅಡ್ಡ ಬರ್ತಿದೀರಿ,” ಎಂದ ಇನ್ನೊಬ್ಬ.

ದಳದವರು ಹಗ್ಗ ಎಸೆದರು. ಅದು ಏಣಿ ಕಟ್ಟುವ ಹಗ್ಗ, ಏಣಿಗೆ ಬೇಕಾದಷ್ಟೇ ಉದ್ದ. ಮೇಷ್ಟ್ರ ತನಕ ಹೋಗಲಿಲ್ಲ. ಮತ್ತೆ ಎಸೆದರು, ಮತ್ತೂ ಹೋಗಲಿಲ್ಲ. ನನ್ನ ಹೆಂಡತಿ ಅದರ ತುದಿಯನ್ನು ತನ್ನ ಸೊಂಟಕ್ಕೆ ಸುತ್ತತೊಡಗಿದಳು.

“ಬೇಡಮ್ಮಾ, ಸರ್ಕ್ಯುಲರ್ ಇದೆ,” ಎಂದರಂತೆ ದಳದ ಮುಖ್ಯಸ್ಥರು.

“ಎಷ್ಟು ಉದ್ದ ಇದೆ ಸಾರ್, ಸರ್ಕ್ಯುಲರ್ರು? ಹಗ್ಗಕ್ಕೆ ಗಂಟು ಹಾಕಿ ಎಸೀಬಹುದಾ?”

ಹೀಗೆಂದು ಇಳಿದಳು. ಸೊಂಟ, ಎದೆ, ಆಮೇಲೆ ಒಂದು ಗಳಿಗೆ ತಲೆಯೂ ಕಾಣಲಿಲ್ಲ. ಆ ಒಂದು ಗಳಿಗೆಯನ್ನು ನಾನು ಆ ಮನುಷ್ಯನ ವಿಡಿಯೊದಲ್ಲಿ ಎಷ್ಟು ಸಲ ನೋಡಿದ್ದೇನೆಂದು ಹೇಳುವುದಿಲ್ಲ. ಆಮೇಲೆ ಅವಳೂ ಮೇಷ್ಟ್ರೂ ಹಳದಿ ಫಲಕದ ಸಮೇತ ದಡಕ್ಕೆ ಬರುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಅಡ್ಡ ಬರುತ್ತೀರಿ ಎಂದವನೇ ಎಲ್ಲರಿಗಿಂತ ಜೋರಾಗಿ.

ಈಗ ನಾನು ನಿಮ್ಮ ನಿಯಮವನ್ನು ಹರಿದು ಹಾಕಬೇಕೆಂದು ಈ ಬಹಿರಂಗ ಪತ್ರದ ಓದುಗರು ಕಾಯುತ್ತಿರಬಹುದು. ಆದರೆ ನಿಯಮದ ಮೇಲೆ ನನಗೆ ಜಗಳವಿಲ್ಲ. ‘ಪ್ರಾಣಕ್ಕೆ ಹೆದರುವವರು ಸಮವಸ್ತ್ರ ಏಕೆ ತೊಡಬೇಕು’ ಎಂದು ಸೋಫಾದಲ್ಲಿ ಕಾಲು ಚಾಚಿಕೊಂಡು ಕೇಳುವವರ ಗುಂಪಿಗೆ ನಾನು ಸೇರಿದವನಲ್ಲ. ಎರಡು ವರ್ಷದ ಹಿಂದೆ ನಿಮ್ಮ ದಳದಲ್ಲಿ ಉದ್ದಣ್ಣ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬನಿದ್ದ. ಬಾಗಿಲಲ್ಲಿ ಬಗ್ಗಿಯೇ ಬರುತ್ತಿದ್ದ, ನಮ್ಮ ಮನೆಯ ಬಲ್ಬುಗಳನ್ನು ಸ್ಟೂಲಿಲ್ಲದೆ ಬದಲಿಸುತ್ತಿದ್ದ. ಹೊಳೆಯಲ್ಲಿ ಸಿಕ್ಕಿಕೊಂಡ ಯಾರನ್ನೋ ತರಲು ಇಳಿದ. ಆ ಯಾರೋ ಒಂದು ಕೊಂಬೆ ಹಿಡಿದು ತಾನೇ ದಡಕ್ಕೆ ಬಂದ. ಉದ್ದಣ್ಣ ಬರಲಿಲ್ಲ. ಅದಾದ ಮೇಲೆ ನಿಮ್ಮ ಸುತ್ತೋಲೆ ಬಂತು: ‘ಮೊಣಕಾಲಿಗಿಂತ ಆಳದ ನೀರಿಗೆ ಸಿಬ್ಬಂದಿ ಇಳಿಯತಕ್ಕದ್ದಲ್ಲ.’ ನನ್ನ ಹೆಂಡತಿ ಅದನ್ನು ಓದಿ, “ಯಾರ ಮೊಣಕಾಲು ಅಂತ ಬರೆದೇ ಇಲ್ಲ ನೋಡಿ. ಉದ್ದಣ್ಣನ ಮೊಣಕಾಲಂದ್ರೆ ನನಗೆ ಸೊಂಟ,” ಎಂದು ನಕ್ಕಳು. ಆಮೇಲೆ ಎದ್ದು ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ನಾನು ಮಾತ್ರ ಒಳಗೊಳಗೇ ನಿಮಗೆ ಧನ್ಯವಾದ ಹೇಳಿದೆ. ನನಗೆ ಹೆಂಡತಿ ಒಬ್ಬಳೇ. ಅವಳನ್ನು ಒಣಗಿದ ಬಟ್ಟೆಯಲ್ಲಿ ಮನೆಗೆ ಕಳಿಸುವ ಯಾವ ನಿಯಮವೂ ನನಗೆ ಹಿತವೇ.

ಆದರೆ ನಿಮ್ಮ ಸುತ್ತೋಲೆ ಅಲ್ಲಿಗೆ ಮುಗಿಯಲಿಲ್ಲ. ‘ಅನಿವಾರ್ಯ ಸಂದರ್ಭಗಳಲ್ಲಿ ಸಿಬ್ಬಂದಿಯು ಸ್ವವಿವೇಚನೆಯಿಂದ, ಸ್ವಂತ ಜವಾಬ್ದಾರಿಯ ಮೇಲೆ ವರ್ತಿಸತಕ್ಕದ್ದು’ ಎಂಬ ಇನ್ನೊಂದು ಸಾಲು ಸೇರಿಸಿದಿರಿ. ಎಷ್ಟು ಅಚ್ಚುಕಟ್ಟಾದ ಸಾಲು! ಬದುಕಿಸಿ ಬಂದರೆ ಇಲಾಖೆಯ ಸಾಹಸ, ಮುಳುಗಿದರೆ ಅವರವರ ವಿವೇಚನೆ, ದಡದಲ್ಲೇ ನಿಂತರೆ ಜನರ ಬೈಗುಳ. ಮುಳುಗುವ ಮನುಷ್ಯನೊಬ್ಬ ಕಣ್ಣೆದುರಿಗೆ ಇರುವಾಗ ಅನಿವಾರ್ಯವಲ್ಲದ ಸಂದರ್ಭ ಯಾವುದು, ನಿರ್ದೇಶಕರೇ? ಇಷ್ಟೆಲ್ಲದರಲ್ಲಿ ನಿಮ್ಮ ಕಚೇರಿ ನೀರಿಗಿಳಿದದ್ದು ಕೈ ತೊಳೆದುಕೊಳ್ಳುವಷ್ಟು ಮಾತ್ರ.

ನೋಟಿಸು ಬಂದ ಬೆಳಿಗ್ಗೆ ನಾವಿಬ್ಬರೂ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು.

“ಏನಂತ ಉತ್ತರ ಬರೀತೀಯ?” ಎಂದೆ.

“ಹಗ್ಗ ಗಿಡ್ಡ ಇತ್ತು ಅಂತ.”

“ಅಷ್ಟೇನಾ?”

“ಇನ್ನೇನು ಬರೀಲಿ? ಹಗ್ಗ ಮುಗಿದ ಜಾಗದಿಂದ ಮೇಷ್ಟ್ರ ತನಕ ಏನೋ ಒಂದು ಬೇಕಿತ್ತು. ನಾನಿದ್ದೆ.”

“ಇನ್ನೊಂದು ಸಲ ಹೀಗಾದ್ರೆ?”

“ಹಗ್ಗ ಅಷ್ಟೇ ಇದ್ರೆ ನಾನೂ ಅಷ್ಟೇ.” ನನ್ನ ಮುಖ ನೋಡಿ, “ಅಯ್ಯೋ, ಮುಖ ಹಾಗೆ ಮಾಡ್ಬೇಡಿ ಮಾರಾಯ್ರೆ. ಎದುರಿಗೇ ಕೂತಿದೀನಲ್ಲ!” ಎಂದಳು.

ನಿಜ, ಎದುರಿಗೇ ಕೂತಿದ್ದಳು. ಅದೇ ವಾರ ನಿಮ್ಮ ಕಚೇರಿಯ ಜವಾನ ಪ್ರಶಸ್ತಿಪತ್ರ ಹಿಡಿದು ಅಂಗಡಿಗೆ ಬಂದ. ಅದರಲ್ಲಿರುವುದು ನನ್ನ ಹೆಂಡತಿಯ ಹೆಸರೆಂದು ಅವನಿಗೆ ಗೊತ್ತಿರಲಿಲ್ಲ. ಒಳ್ಳೆಯ ಹುಮ್ಮಸ್ಸಿನಲ್ಲಿದ್ದ.

“ಅಳತೆ?” ಎಂದು ಕೇಳಿದೆ.

“ಹೋದ ಸಲದ್ದೇ ಸಾಕಂತೆ ಸಾರ್. ಗೋಡೇಲಿ ಅದರ ಪಕ್ಕದಲ್ಲೇ ಜಾಗ ಬಿಟ್ಟಿದಾರೆ. ಎರಡೂ ಜೋಡಿಯಾಗಿ ಚೆನ್ನಾಗಿ ಕಾಣುತ್ತೆ ಅಂತ ಸಾಹೇಬ್ರೇ ಹೇಳಿದ್ರು.”

ಹೋದ ಸಲ ಆ ಅಳತೆಗೆ ನಾನು ಕಟ್ಟು ಹಾಕಿದ್ದು ಉದ್ದಣ್ಣನ ಫೋಟೊಗೆ.

ನಿಮ್ಮಲ್ಲಿ ಕೆಟ್ಟ ಉದ್ದೇಶ ಇತ್ತೆಂದು ನಾನು ಹೇಳುತ್ತಿಲ್ಲ. ಗೋಡೆ ಅಂದವಾಗಿರಲಿ ಎಂದು ಯಾರಿಗೆ ಅನಿಸುವುದಿಲ್ಲ? ಅಳತೆ ಒಂದೇ ಆದರೆ ಮರದ ಪಟ್ಟಿಯೂ ವ್ಯರ್ಥವಾಗುವುದಿಲ್ಲ, ಕಸುಬಿನವನಾಗಿ ಮೆಚ್ಚಲೇಬೇಕು. ಆದರೆ ಸತ್ತವನ ಫೋಟೊ ಮತ್ತು ಬದುಕಿದವಳ ಪ್ರಶಸ್ತಿ ಒಂದೇ ಕಟ್ಟಿನಲ್ಲಿ ಅದಲುಬದಲಾಗಿ ಕೂರಬಲ್ಲವಾದರೆ, ಅವೆರಡರ ನಡುವಿನ ವ್ಯತ್ಯಾಸವನ್ನು ನಿಮ್ಮ ಇಲಾಖೆ ಯಾವುದಕ್ಕೆ ಬಿಟ್ಟಿದೆ? ನೀರಿನ ರಭಸಕ್ಕೆ? ತೂಬು ತೆರೆಯುವವನ ಊಟದ ಹೊತ್ತಿಗೆ? ನಾನು ಜವಾನನಿಗೆ ಆಯಿತೆಂದೆ. ಪಟ್ಟಿಯನ್ನೂ ಕೊಯ್ದೆ. ಆಮೇಲೆ ಸುಮ್ಮನೆ ಅಂಗಡಿ ಗುಡಿಸಿದೆ.

ನ್ಯಾಯವಾಗಿ ಎದುರು ಪಕ್ಷದ ಮಾತನ್ನೂ ಹೇಳಬೇಕು. ಡ್ರೈವಿಂಗ್ ಮೇಷ್ಟ್ರು ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ನನಗೆ ಡ್ರೈವಿಂಗ್ ಬಾರದೆಂದು ತಿಳಿದು ಅವರಿಗೆ ಬಹಳ ಸಂತೋಷವಾಯಿತು. ನಿಮ್ಮ ನಿಯಮದ ಮಾತು ಬಂತು. ಅದು ಸರಿಯಾಗಿಯೇ ಇದೆ ಎಂದು ನಾನು ವಾದಿಸಿದೆ. ಅವರು ಶಾಂತವಾಗಿ ಕೇಳಿಸಿಕೊಂಡರು.

“ಸರಿಯಾಗೇ ಇದೆ ಸಾರ್, ನಾನೂ ಒಪ್ತೀನಿ,” ಎಂದರು. “ಆದ್ರೆ ಅಕ್ಕಾವ್ರು ಅವತ್ತು ಅದನ್ನ ಪಾಲಿಸಿದ್ರೆ, ಸರಿಯಾಗಿದೆ ಅಂತ ಒಪ್ಪೋಕೆ ನಾನು ಇರ್ತಿರಲಿಲ್ಲ.”

ಅವರನ್ನು ನೋಡಿದಾಗ ನಿಯಮ ತಪ್ಪೆನಿಸುತ್ತದೆ, ಹೆಂಡತಿ ಪಾಳಿಗೆ ಹೊರಟಾಗ ಸರಿ ಎನಿಸುತ್ತದೆ. ಆದರೆ ಒಂದು ಮಾತು ಮಾತ್ರ ಎರಡೂ ಹೊತ್ತಿನಲ್ಲಿ ನಿಜ: ‘ಇಳಿಯಬೇಡಿ’ ಎಂದು ಹೇಳುವವರ ಕೈಯಲ್ಲಿ ಸಾಕಷ್ಟು ಉದ್ದದ ಹಗ್ಗವಿರಬೇಕು. ಹಗ್ಗವಿಲ್ಲದ ‘ಇಳಿಯಬೇಡಿ’ಯನ್ನು ಪಾಲಿಸುವುದು ಮನುಷ್ಯಮಾತ್ರರಿಗೆ ಕಷ್ಟ. ಮುರಿಯಲೇಬೇಕಾದ ನಿಯಮವನ್ನು ಬರೆದು, ಮುರಿದವರಿಗೆ ನೋಟಿಸನ್ನೂ ಪ್ರಶಸ್ತಿಯನ್ನೂ ಕೊಡುವುದು ಆಡಳಿತವೇ, ಅಥವಾ ಆಡಳಿತದ ಅಣಕವೇ?

ಆದ್ದರಿಂದ ನನ್ನ ಬೇಡಿಕೆ. ನೋಟಿಸನ್ನು ಹಿಂದಕ್ಕೆ ಪಡೆಯಿರಿ, ಪ್ರಶಸ್ತಿಯನ್ನೂ. ಮೊದಲನೆಯದು ಅವಳನ್ನು ಕುಗ್ಗಿಸುತ್ತದೆ. ಎರಡನೆಯದು ಅದಕ್ಕಿಂತ ಅಪಾಯ: ಗೋಡೆಯಲ್ಲಿ ಹೆಸರು ನೇತಾಡುತ್ತಿರುವವರು ಮುಂದಿನ ಸಲ ದಡದಲ್ಲಿ ನಿಲ್ಲುವುದು ಹೇಗೆ? ಪ್ರತಿ ವಾಹನಕ್ಕೂ ಎಸೆಯುವ ಹಗ್ಗ, ತೇಲುವ ಅಂಗಿ, ಕಾಲುವೆಗೊಂದು ದೋಣಿ ಕೊಡಿ. ಇಳಿಯಲೇಬೇಕಾದವರಿಗೆ ಹರಿಯುವ ನೀರಿನಲ್ಲಿ ತರಬೇತಿ ಕೊಡಿ. ‘ಸ್ವವಿವೇಚನೆ’ಯ ಸಾಲನ್ನು ಹೊಡೆದುಹಾಕಿ. ಇಳಿಯಿರಿ ಅಥವಾ ಇಳಿಯಬೇಡಿ, ಎರಡರಲ್ಲಿ ಯಾವುದನ್ನಾದರೂ ನೀವೇ ಹೇಳಿ. ಇಳಿಯಬೇಡಿ ಎನ್ನುವುದಾದರೆ ಅದನ್ನು ಆ ದಡದ ಜನರಿಗೆ ಹೇಳಲು ನೀವೇ ಬನ್ನಿ. ಒದ್ದೆಯಾಗಬೇಕಾಗಿಲ್ಲ. ಅವಳ ಪಕ್ಕದಲ್ಲಿ ನಿಂತು ಬೈಗುಳದಲ್ಲಿ ಅರ್ಧ ಹಂಚಿಕೊಂಡರೆ ಸಾಕು.

ಪ್ರಶಸ್ತಿಪತ್ರ ನನ್ನ ಅಂಗಡಿಯಲ್ಲಿ, ಗಾಜಿಲ್ಲದೆ, ಕಟ್ಟಿಲ್ಲದೆ ಇದೆ. ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಆ ಅಳತೆಯ ಕಟ್ಟನ್ನು ನಾನು ಇನ್ನು ಹಾಕುವುದಿಲ್ಲ.

ಇಂತಿ,
ದೊಡ್ಡ ಗಿರಾಕಿಯೊಬ್ಬರನ್ನು ಇದರೊಂದಿಗೆ ಕಳೆದುಕೊಂಡೆನೆಂದು ಬಲ್ಲ,
ಕಟ್ಟಿನ ಅಂಗಡಿಯವ

ಮರೆತಿದ್ದೆ. ನಿರ್ದೇಶಕರಿಗಲ್ಲದ ಒಂದು ಮಾತಿದೆ. ಮುಂದೆ ನೀರಿಗೆ ಬೀಳಲಿರುವವರಿಗೆ. ನೀವು ಯಾರೆಂದು ನನಗೆ ಗೊತ್ತಿಲ್ಲ, ನಿಮಗೂ ಇನ್ನೂ ಗೊತ್ತಿಲ್ಲ. ನನ್ನ ಹೆಂಡತಿಯ ಮುಂದಿನ ಪಾಳಿ ಸೋಮವಾರ ಬೆಳಿಗ್ಗೆ. ನಿಮಗೆ ಈಜು ಬರುತ್ತದೆಯೇ?