ಕತ್ತಲಲ್ಲಿ ಎತ್ತಿದ ಕೈಗಳು

ಮಂಗಳವಾರ, ಹದಿನಾಲ್ಕನೇ ತಾರೀಖು

ಮುದ್ದು ಮಗಳೇ,

ಹೇಗಿದ್ದೀಯಮ್ಮಾ? ನಾವಿಬ್ಬರೂ ಆರಾಮ. ಒಂಬತ್ತು ದಿನ ತಡ ಮಾಡಿ ಬರೆಯುತ್ತಿದ್ದೇನೆ, ಎಷ್ಟು ಬೇಕಾದರೂ ಬೈದುಕೋ. ಫೋನಿನಲ್ಲಿ ಎರಡು ಸಾಲು ಕಳಿಸಿ ಅಂದಳು ನಿನ್ನಮ್ಮ. ಎರಡು ಸಾಲಿಗೆ ಮುಗಿಯುವ ತಪ್ಪೇ ಇದು?

ಅವತ್ತು ನಿನ್ನ ನಾಟಕ ಮುಗಿದಾಗ ನಿನಗೆ ಕಂಡದ್ದು ಬರೀ ಕತ್ತಲು. ಆ ಕತ್ತಲು ಮಾಡಿದವನು ನಾನು. ಮೂವತ್ತೊಂದು ವರ್ಷದಿಂದ ಇದೇ ರಂಗಮಂದಿರದಲ್ಲಿ ದೀಪ ನೋಡಿಕೊಳ್ಳುವವನ ಚಾಳಿ: ನಾಟಕ ಮುಗಿಯಿತೋ, ಎಲ್ಲ ದೀಪ ಆರಿಸು. ಕತ್ತಲಲ್ಲೇ ಚಪ್ಪಾಳೆ ಏಳುತ್ತದೆ, ನಟರು ಕೇಳಿಸಿಕೊಂಡು ಬೀಗುತ್ತಾರೆ. ನೀನು ಕೊನೆಯ ಸನ್ನೆ ಮಾಡಿ ಕೈ ಎದೆಗಿಟ್ಟೆ. ನನ್ನ ಬೆರಳುಗಳು ನನ್ನನ್ನು ಕೇಳದೆ ಡಿಮ್ಮರ್ ಇಳಿಸಿಬಿಟ್ಟವು.

"ಈ ನಟರಿಗೆ ಕಿವಿ ಕೇಳ್ಸಲ್ಲ, ಚಪ್ಪಾಳೆ ಬೇಡ. ಎರಡೂ ಕೈ ಮೇಲೆತ್ತಿ ಆಡಿಸಿ, ಕಾಣ್ಬೇಕು" ಎಂದು ನಿರೂಪಕಿ ಮೊದಲೇ ಹೇಳಿದ್ದಳು. ಜನ ಹಾಗೇ ಮಾಡಿದರು ಕಣೇ! ಬಾಗಿಲ ಮೇಲಿನ ಕೆಂಪು ದೀಪದ ಬೆಳಕಿನಲ್ಲಿ ನಾನೇ ಕಣ್ಣಾರೆ ನೋಡಿದೆ, ಮುನ್ನೂರು ಜನರ ಕೈ ಮೇಲಿತ್ತು. ಮುಂದಿನ ಸಾಲಿನ ಅಜ್ಜ ಊರುಗೋಲನ್ನೂ ಎತ್ತಿ ಆಡಿಸುತ್ತಿದ್ದ. ನಾನು ಪೆದ್ದನ ಹಾಗೆ ನೋಡುತ್ತಾ ಕೂತೆ. ದೀಪ ಹಾಕುವಷ್ಟರಲ್ಲಿ ವೇದಿಕೆ ಖಾಲಿ.

ಅಮ್ಮ ಎಷ್ಟು ಹೇಳಿದರೂ ನೀನು ನಂಬಲಿಲ್ಲವಂತೆ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ, ಯಾರಿಗೂ ಇಷ್ಟವಾಗಲಿಲ್ಲ" ಎಂದು ಅವಳಿಗೆ ಸನ್ನೆ ಮಾಡಿ ಬಸ್ಸು ಹತ್ತಿದೆಯಂತೆ. "ಬೇರೆಯವ್ರು ಮಾಡಿದ್ರೆ ಹೋಗ್ಲಿ ಅನ್ನಬಹುದಿತ್ತು. ನೀವು ಅವಳಪ್ಪ ಕಣ್ರೀ!" ಎಂದು ಅವಳು ಬೈದಳು.

ಇಪ್ಪತ್ತಾರರ ಭಾನುವಾರದ ಪ್ರದರ್ಶನ ಬೇಡ, ಇನ್ನು ವೇದಿಕೆಯೇ ಬೇಡ ಎಂದು ನೀನು ಬರೆದದ್ದನ್ನು ಮ್ಯಾನೇಜರ್ ತೋರಿಸಿದರು. "ಒಂದು ವಾರ ತಡೀರಿ ಸಾರ್" ಎಂದು ಅಂಗಲಾಚಿದ್ದೇನೆ. ದೀಪದ ಸ್ವಿಚ್ ಬೋರ್ಡಿನ ಮೇಲೆ ಬಿಳಿ ಟೇಪು ಅಂಟಿಸಿ, "ಮೊದಲು ಜನರ ಮೇಲೆ ದೀಪ ಹಾಕು, ಕತ್ತೆ" ಎಂದು ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ. ಬಾ ಮಗಳೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ತಾ.ಕ.: ಇದನ್ನು ಮರೆತಿರಲಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಎರಡನೇ ಕ್ಲಾಸಿನಲ್ಲಿ ನೀನು ಶಾಲೆಯ ವೇದಿಕೆಯಲ್ಲಿ ಚಿಟ್ಟೆಯಾಗಿದ್ದೆ. ಎಲ್ಲರೂ ಕೈ ಆಡಿಸಿ ಎಂದರು ಟೀಚರ್. ಅಮ್ಮ ಆಡಿಸಿದಳು. ನನ್ನ ಪಕ್ಕದಲ್ಲಿ ಪರಿಚಯದವರು ಕೂತಿದ್ದರು, ನನಗೆ ನಾಚಿಕೆಯಾಯಿತು. ಕೈ ಕಟ್ಟಿ ಕೂತೆ. ನೀನು ನನ್ನನ್ನೇ ನೋಡುತ್ತಿದ್ದೆ. ಆಮೇಲೆ ಯಾವತ್ತೂ ನೀನು ವೇದಿಕೆಯಿಂದ ನನ್ನನ್ನು ಹುಡುಕಲಿಲ್ಲ. ಭಾನುವಾರ ನನ್ನ ಕೋಣೆಯ ದೀಪವನ್ನೂ ಹಾಕಿರುತ್ತೇನೆ. ಜನರ ಹಿಂದೆ, ಮೇಲುಗಡೆ ಅದರ ಗಾಜಿನ ಕಿಟಕಿ ಇದೆ. ಒಂದೇ ಒಂದು ಸಲ ಅಲ್ಲಿಗೆ ನೋಡು.