ಸಡಿಲ ಗಂಟಿನ ದುಂಡು ಹಾರ

ಮಾರ್ಚ್ 4, ಸಂಜೆ

ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಟ್ಟಿರಲಿಲ್ಲ, ಎದುರು ಮನೆಯಾಕೆ ಹಾಜರ್. ನಾನು ಅವಳಿಗಿಟ್ಟ ಹೆಸರು ಕಂಪ್ಲೇಂಟ್ ಬಾಕ್ಸ್. ಅಮ್ಮ ಇವತ್ತೂ ಅವಳ ಮನೆಗೆ ಹೋಗಿ ಮಂಚದ ಮೇಲೆ ಮಲಗಿದ್ದಳಂತೆ. ಈ ಮಹಡಿಯ ನಾಲ್ಕು ಬಾಗಿಲೂ ಒಂದೇ ಕಂದು ಬಣ್ಣ. ನೆಟ್ಟಗಿರುವವರೇ ತಪ್ಪು ಬೆಲ್ ಒತ್ತುತ್ತಾರೆ. ಅಮ್ಮನಿಗಂತೂ ಇವತ್ತು ಯಾವ ವಾರ ಅನ್ನುವುದೂ ನೆನಪಿರುವುದಿಲ್ಲ.

"ಕೆಲಸಕ್ಕೆ ಹೋಗೋವಾಗ ಹೊರಗಿಂದ ಬೀಗ ಹಾಕ್ಕೊಂಡು ಹೋಗಿ" ಅಂದಳು.

"ಅವರೇನು ಸ್ಕೂಟರ್ರಾ, ಲಾಕ್ ಮಾಡಿ ನಿಲ್ಸೋಕೆ?"

ಬಾಗಿಲು ದಡಾರನೆ ಹಾಕಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಅಕ್ಷರ ಸೊಟ್ಟಗಾಗುತ್ತಿದೆ.

ಮಾರ್ಚ್ 5

ಅಣ್ಣನ ಫೋನ್. ಸುದ್ದಿ ಆಗಲೇ ಮುಟ್ಟಿದೆ. ಕಂಪ್ಲೇಂಟ್ ಬಾಕ್ಸಿಗೆ ನಂಬರ್ ಕೊಟ್ಟವನು ಇವನೇ! ನನ್ನ ಬೆನ್ನ ಹಿಂದೆ!

"ನೋಡೇ, ವಯಸ್ಸಾದವರ ಹೋಮ್‌ನಲ್ಲಿ ಒಂದು ಬೆಡ್ ಹೇಳಿಟ್ಟಿದೀನಿ. ಇನ್ನೊಂದ್ಸಲ ಅಮ್ಮ ಯಾರ ಮನೆಗಾದ್ರೂ ಹೋದ್ರೆ, ಬಂದು ಕರ್ಕೊಂಡು ಹೋಗ್ತೀನಿ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನನ್ನ ಒಳ್ಳೆಯದು ಇವನಿಗೆ ಈಗ ನೆನಪಾಗಿದೆ. ಯಾವಾಗಲೋ ಒಮ್ಮೆ ಬಂದು, ಅಮ್ಮನ ತಲೆ ಸವರಿ, ಕಣ್ಣು ಒದ್ದೆ ಮಾಡಿಕೊಂಡು, ಕಾಫಿ ಕುಡಿದು ಹೋಗುವ ಮಹಾರಾಯ. ಲೋಟವನ್ನೂ ತೊಳೆಯುವುದಿಲ್ಲ.

ಅಮ್ಮ ಹೋದರೆ ಈ ಮನೆಯಲ್ಲಿ ನನ್ನನ್ನು ಬೈಯುವವರು ಯಾರು? ಕಳಿಸುವುದಿಲ್ಲ. ಅಷ್ಟೇ.

ಮಾರ್ಚ್ 6

ಬಾಗಿಲಿಗೆ ಗುರುತು ಬೇಕು. ಬೋರ್ಡ್ ಬರೆದು ಹಾಕಿದರೆ ಅಮ್ಮ ಓದುವುದಿಲ್ಲ. ಬಟ್ಟೆಯಾದರೆ ಮುಟ್ಟದೆ ಬಿಡುವುದಿಲ್ಲ. ಹೊಲಿಗೆ ಮೆಷಿನ್ ತುಳಿದೇ ನಮ್ಮಿಬ್ಬರನ್ನೂ ಬೆಳೆಸಿದವಳು.

ದಪ್ಪ ತಂತಿಯನ್ನು ಊಟದ ತಟ್ಟೆಯಗಲ ದುಂಡಗೆ ಬಗ್ಗಿಸಿದೆ. ಬೀರುವಿನಿಂದ ತೀರಿಹೋದ ಅಪ್ಪನ ಶರ್ಟುಗಳನ್ನು ತೆಗೆದೆ. ಪಟ್ಟಿ ಪಟ್ಟಿಯಾಗಿ ಹರಿದೆ. ಸಿಟ್ಟು ಬಂದಾಗ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ — ಒಂದು ಪಟ್ಟಿ ಅಣ್ಣನ ಹೆಸರಲ್ಲಿ ಪರ್ರನೆ, ಒಂದು ಎದುರು ಮನೆಯ ಹೆಸರಲ್ಲಿ ಪರ್ರನೆ. ಪಟ್ಟಿಗಳನ್ನು ತಂತಿಗೆ ಒತ್ತೊತ್ತಾಗಿ ಗಂಟು ಹಾಕಿದೆ. ಸುತ್ತಲೂ ತುದಿಗಳು ಚಾಚಿಕೊಂಡು ದುಂಡು ಹಾರವಾಯಿತು. ನೀಲಿ ಗೆರೆ, ಬೂದು ಚೌಕಳಿ. ಬಾಗಿಲಿಗೆ ಮೊಳೆ ಹೊಡೆದು ನೇತುಹಾಕಿದೆ. ಎದುರಿನವರಿಗೆ ಕೇಳಲಿ ಅಂತ ಮೊಳೆಗೆ ನಾಲ್ಕೇಟು ಜಾಸ್ತಿಯೇ ಬಿತ್ತು.

ಅಮ್ಮ ಹತ್ತಿರ ಹೋಗಿ ಬೆರಳಾಡಿಸಿ ನೋಡಿದಳು. "ಯಾವ ಸೋಮಾರಿ ಕಟ್ಟಿದ್ದು ಇದು? ಒಂದು ಗಂಟಾದ್ರೂ ನೆಟ್ಟಗಿದ್ಯಾ?"

ನನ್ನ ಹೆಸರು ಮರೆತಿದ್ದಾಳೆ. ನಾನು ಸೋಮಾರಿ ಅನ್ನುವುದನ್ನು ಮರೆತಿಲ್ಲ.

ಮಾರ್ಚ್ 14

ಎದುರು ಮನೆಯಿಂದ ಒಂದೂ ದೂರಿಲ್ಲ! ಅಮ್ಮ ಹೊರಗೆ ಬಂದರೂ ಹಾರದ ಹತ್ತಿರವೇ ನಿಂತುಬಿಡುತ್ತಾಳೆ. ಆದರೆ ನಾನು ಕಟ್ಟಿದ್ದನ್ನೆಲ್ಲ ಬಿಚ್ಚುತ್ತಾಳೆ. ಬಿಚ್ಚಿ, ಎರಡೂ ತುದಿ ಸಮ ಹಿಡಿದು, ಮತ್ತೆ ಬಿಗಿಯುತ್ತಾಳೆ. ದಿನಾ ಒಂದಿಷ್ಟು ಗಂಟು. ಬಾಗಿಲ ಮುಂದೆಲ್ಲ ದಾರದ ಎಳೆ, ಗುಡಿಸುವವಳು ನಾನು.

"ಬಿಡಮ್ಮಾ, ಚೆನ್ನಾಗೇ ಇದೆ."

"ಇದನ್ನ ಕೊಟ್ರೆ ಗಿರಾಕಿ ಮುಖಕ್ಕೆ ಎಸೀತಾರೆ!"

ಕಷ್ಟಪಟ್ಟು ಮಾಡಿದ್ದು ನಾನು, ಬೈಗುಳವೂ ನನಗೇ. ಮೈಯೆಲ್ಲ ಉರಿಯಿತು. ಸ್ಟೂಲ್ ತಂದು ಬಾಗಿಲ ಬಳಿ ಕುಕ್ಕಿದೆ. ನಿಂತೂ ನಿಂತೂ ಅವಳ ಕಾಲು ಊದಿದೆ.

ಮಾರ್ಚ್ 21, ಮಧ್ಯಾಹ್ನ

ಊಟಕ್ಕೆ ಮನೆಗೆ ಬಂದರೆ ಬಾಗಿಲು ಬೋಳು. ಹಾರವೂ ಇಲ್ಲ, ಅಮ್ಮನೂ ಇಲ್ಲ. ತಿರುಗಿದರೆ, ಹಾರ ಎದುರು ಮನೆಯ ಬಾಗಿಲ ಹಿಡಿಯಲ್ಲಿ! ಅಮ್ಮ ಒಳಗೆ ಸೋಫಾದ ಮೇಲೆ, ಕೈಕಟ್ಟಿ ಕೂತು.

"ಬೆಲ್ ಮಾಡಿ, 'ನಿಮ್ಮದು ಆಯ್ತು, ನೋಡ್ಕೊಳಿ' ಅಂತ ಕೊಟ್ರು. ಆಮೇಲೆ ಎದ್ದು ಹೋಗ್ತಾನೇ ಇಲ್ಲ" ಅಂದಳು ಕಂಪ್ಲೇಂಟ್ ಬಾಕ್ಸ್. "ನಿಮ್ಮಣ್ಣಂಗೆ ಹೇಳಿದೀನಿ."

"ಹೇಳಿದ್ದಾಯ್ತಲ್ಲ, ಹಾರ ಕೊಡಿ."

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಮ್ಮ? ನಂಗೆ ಹಿಡಿಸ್ತು. ಇರ್ಲಿ ಬಿಡಿ."

ನನ್ನ ಅಪ್ಪನ ಶರ್ಟು! ಹಾರ ಬೇಕಂತೆ, ತಂದುಕೊಟ್ಟವಳು ಬೇಡವಂತೆ. ಕಿತ್ತುಕೊಂಡು ಬರುತ್ತಿದ್ದೆ. ಅಮ್ಮ ನನ್ನ ಕೈ ಹಿಡಿದು, "ಗಿರಾಕಿ ಹತ್ರ ಜಗಳ ಆಡ್ಬಾರ್ದು" ಅಂದಳು. ಹಾರ ಅಲ್ಲೇ ಬಿಟ್ಟು ಅಮ್ಮನನ್ನು ಕರೆದುಕೊಂಡು ಬಂದೆ.

ಭಾನುವಾರ ಅಣ್ಣ ಬರುತ್ತಾನೆ. ಅಮ್ಮನ ಬಟ್ಟೆ ಜೋಡಿಸಿಡಬೇಕಂತೆ. ಅಪ್ಪಣೆ!

ಮಾರ್ಚ್ 22

ಪಾತ್ರೆ ಕುಕ್ಕುತ್ತಿದ್ದಾಗ ಹೊಳೆಯಿತು. ನಿನ್ನೆ ಅಮ್ಮ ದಾರಿ ತಪ್ಪಿ ಹೋದದ್ದಲ್ಲ. ಕೆಲಸ ಮುಗಿದದ್ದಕ್ಕೆ ಹೋದದ್ದು. ಮೊದಲಿನಿಂದಲೂ ಅಷ್ಟೇ, ಕೊನೆಯ ಗುಂಡಿ ಹೊಲಿದದ್ದೇ ತಡ, ಬಟ್ಟೆ ಮಡಿಸಿಕೊಂಡು ಗಿರಾಕಿಯ ಮನೆಗೆ ತಾನೇ ಹೊರಡುತ್ತಿದ್ದಳು. ನಾವು ಹಸಿದು ಕೂತಿದ್ದರೂ ಸರಿ. ಈಗಲೂ ಎಲ್ಲ ಗಂಟೂ ಸರಿಹೋಯಿತು, ಕೊಡಲು ಹೋದಳು.

ಹಳೆಯ ಹಸಿರು ಬೆಡ್‌ಶೀಟ್ ತೆಗೆದೆ. ಈ ಸಲ ಅಮ್ಮನೂ ಕೂತು ಹರಿದಳು. ನನ್ನ ಪಟ್ಟಿ ಸೊಟ್ಟ, ಅವಳದು ನೇರ. ಹೊಸ ತಂತಿಗೆ ಗಂಟುಗಳನ್ನು ಬೇಕೆಂದೇ ಸಡಿಲ ಕಟ್ಟಿದೆ. ಅವಳು ಬಿಗಿದದ್ದನ್ನು, ಅವಳು ಒಳಗೆ ಹೋದಾಗ ಬಿಚ್ಚಿ ಮತ್ತೆ ಕೆಡಿಸಿದೆ. ಇನ್ನು ಮೇಲೆ ದಿನಾ ಕೆಡಿಸುತ್ತೇನೆ.

"ನಿನಗೆ ಈ ಜನ್ಮದಲ್ಲಿ ಬರಲ್ಲ ಬಿಡೇ."

"ಬರಲ್ಲಮ್ಮ. ನೀನೇ ಮಾಡ್ಬೇಕು."

ಬೈಸಿಕೊಂಡು ಇಷ್ಟು ಸಮಾಧಾನ ಯಾವತ್ತೂ ಆಗಿರಲಿಲ್ಲ. ಅಣ್ಣನ ಮೇಲಿನ ಸಿಟ್ಟು ಮಾತ್ರ ಹಾಗೇ ಇದೆ. ಬಟ್ಟೆ ಜೋಡಿಸಿಲ್ಲ.

ಮಾರ್ಚ್ 24, ಭಾನುವಾರ, 11 ಗಂಟೆ

ಬಂದ. ಕೈಯಲ್ಲಿ ಹೊಸ ಸೂಟ್‌ಕೇಸ್. ಏನೇನು ಬೈಯಬೇಕು ಅಂತ ನಿನ್ನೆಯಿಂದ ಬಾಯಿಪಾಠ ಮಾಡಿಟ್ಟಿದ್ದೆ. ಒಂದಕ್ಕೂ ಅವಕಾಶ ಸಿಗಲಿಲ್ಲ.

ಅಮ್ಮ ಸ್ಟೂಲಿನ ಮೇಲೆ, ಹಾರ ತೊಡೆಯ ಮೇಲೆ. ತಲೆ ಎತ್ತಿ ಅವನನ್ನು ನೋಡಿದಳು.

"ಇನ್ನೂ ಆಗಿಲ್ಲ. ಮುಂದಿನ ವಾರ ಬನ್ನಿ."

"ಅಮ್ಮಾ, ನಾನಮ್ಮ..."

"ಗೊತ್ತು ಗೊತ್ತು, ಎಲ್ಲರೂ ಅರ್ಜೆಂಟೇ. ಅರ್ಧಕ್ಕೆ ಬಿಟ್ಟು ನಾನು ಎಲ್ಲಿಗೂ ಏಳಲ್ಲ. ಮುಂದಿನ ವಾರ ಬನ್ನಿ."

ನನಗೆ ನಗು ಬಂತು. ಆಮೇಲೆ ಅವನ ಮುಖ ನೋಡಿದೆ. ಮಗನಿಗೆ ಬನ್ನಿ ಅಂದಳು. ಸೂಟ್‌ಕೇಸ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ. ನಾನು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ, ಅಲ್ಲಿ ನಿಲ್ಲಲಾಗಲಿಲ್ಲ. ಹಾಳಾದವನ ಮೇಲೆ ಸಿಟ್ಟು ಮಾಡಿಕೊಂಡಿರಲೂ ಬಿಡುವುದಿಲ್ಲ.

ಅಮ್ಮ ಹೊರಗಿಂದ ಕೂಗುತ್ತಿದ್ದಾಳೆ — "ಯಾರಾದ್ರೂ ಈ ತುದಿ ಹಿಡ್ಕೊಳ್ರೋ!"

ಎದ್ದೆ. ಬಾಗಿಲ ಸಂದಿಯಿಂದ ಕಾಣುತ್ತಿದೆ, ಅವನೂ ಎದ್ದ. ಹಿಡಿದುಕೊಂಡ. ಸಡಿಲವಾಗಿ ಹಿಡಿದಿದ್ದಾನೆ, ಈಗ ಬೈಗುಳ ಬೀಳುತ್ತದೆ.