ಜೇನು ಮುಟ್ಟದ ಮನೆ

ಆಗಸ್ಟ್ 24, ಪೆರಿಕಲ್ಲೂರು

ಮಳೆ ಬಿಟ್ಟಿದೆ. ನಮ್ಮ ಶುಂಠಿ ಹೊಲದ ಬದುವಿನಲ್ಲಿ ಜೇನಿನ ಬಿಲಗಳು ಮತ್ತೆ ತೆರೆದಿವೆ. ಪೆಟ್ಟಿಗೆಯಲ್ಲಿ ಸಾಕುವ ಜೇನಲ್ಲ, ಮಣ್ಣಿನೊಳಗೇ ಗೂಡು ಮಾಡುವಂಥದ್ದು. ನನ್ನ ಥೀಸಿಸ್ ಅವುಗಳ ಮೇಲೆಯೇ. ಮಣ್ಣಿನ ಸ್ಯಾಂಪಲ್ ತೆಗೆಯುತ್ತಿದ್ದೆ. ಅಪ್ಪ ಬೇರು ತಿನ್ನುವ ಗೊಣ್ಣೆಹುಳಕ್ಕೆ ಮದ್ದು ಕಲಸುತ್ತಿದ್ದರು — ಎಂದಿನದಕ್ಕೆ ಎರಡರಷ್ಟು.

“ಇಷ್ಟ್ಯಾಕಪ್ಪಾ?”

“ದಶಲಕ್ಷಣ ಪರ್ವ ಬಂತಲ್ಲ ಮೋಳೇ. ಹತ್ತು ದಿವ್ಸ ಮದ್ದು ಹೊಯ್ಯೋ ಹಾಗಿಲ್ಲ, ಜೀವಹಿಂಸೆ ಆಗ್ತದೆ. ಈಗ್ಲೇ ಸೇರ್ಸಿ ಹೊಯ್ದುಬಿಟ್ರೆ ಶರಿ.”

ಅಹಿಂಸೆಗೂ ಅಡ್ವಾನ್ಸ್! ನಗು ಬಂತು. ಬೇಡ ಎಂದೆ. ಕೇಳದೆ ಹೊಯ್ದರು. ಆಮೇಲೆ ನಗು ಬರಲಿಲ್ಲ.

ಆಗಸ್ಟ್ 30

ನಮ್ಮ ಜೈನರ ಪರ್ವದ ದಿನಗಳು. ಅಮ್ಮನದು ಒಪ್ಪೊತ್ತು ಊಟ. ಅಪ್ಪ ಇರುವೆ ತಪ್ಪಿಸಿ ಅಂಗಳ ದಾಟುತ್ತಾರೆ. ಬದುವಿನಲ್ಲಿ, ಬಿಲಗಳ ಬಾಯಲ್ಲೇ, ಜೇನುಗಳು ಅಂಗಾತ ಬಿದ್ದಿವೆ. ಕೆಲವು ಇನ್ನೂ ಕಾಲಾಡಿಸುತ್ತಿದ್ದವು... ಮತ್ತೆ ಮಣ್ಣು ತೆಗೆದು ಲ್ಯಾಬಿಗೆ ಕಳಿಸಿದೆ.

ಸೆಪ್ಟೆಂಬರ್ 6, ಸಂಜೆ

ರಿಪೋರ್ಟ್ ಬಂತು. ನಾನು ಮಣ್ಣು ತೆಗೆದ ಊರಿನ ಎಲ್ಲ ಹೊಲಗಳಿಗಿಂತ ಮದ್ದಿನ ಉಳಿಕೆ ಹೆಚ್ಚಿರುವುದು ಹದಿನೇಳನೆಯದರಲ್ಲಿ. ಹದಿನೇಳು — ನಮ್ಮದು.

ಅಪ್ಪ ಓದಿ ಕೆಂಪಾದರು. “ನಮ್ದು ಜೇನು ಮುಟ್ಟದ ಮನೆ. ನಿನ್ನ ಅಜ್ಜ ಔಷಧಿಗೆ ಅಂತಾನೂ ಜೇನು ನೆಕ್ಕಿದವರಲ್ಲ. ನಾವು ಕೊಂದ್ವಿ ಅಂತ ರೈತರ ಮೀಟಿಂಗಲ್ಲಿ ಹೇಳ್ತೀಯಾ? ರಿಪೋರ್ಟಿಂದ ನಮ್ ಹೊಲ ತೆಗೆದುಬಿಡು.”

ಗೈಡ್ ಶ್ರೀಜ ಮ್ಯಾಡಂ ಫೋನಿನಲ್ಲಿ ಹೇಳಿದ್ದೂ ಅದನ್ನೇ: “ಮನೇಲಿ ಜಗಳ ಯಾಕೆ ಸ್ನೇಹಾ? ಒಂದು ಸ್ಯಾಂಪಲ್ ಬಿಟ್ಟರೆ ಥೀಸಿಸ್ ಬಿದ್ದುಹೋಗಲ್ಲ.”

ಊರವರ ಹೊಲ ಅಗೆದಾಗ ಯಾರಾದರೂ ಬಿಡು ಅಂದರಾ? ಬಿಡುವುದಿಲ್ಲ.

ಸೆಪ್ಟೆಂಬರ್ 8

ಕ್ಷಮಾವಣಿ. ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ. ಅಪ್ಪ ನನ್ನ ಮುಂದೆಯೂ ಕೈ ಮುಗಿದರು. “ತಿಳಿದೋ ತಿಳಿಯದೆಯೋ ನೋಯ್ಸಿದ್ರೆ ಕ್ಷಮಿಸು.”

“ತಿಳಿಯದೆ ಅನ್ನೋದು ಈ ವರ್ಷಕ್ಕೆ ಮುಗೀತಪ್ಪಾ. ರಿಪೋರ್ಟ್ ಕೊಟ್ಟಿದೀನಲ್ಲ.”

ಅಮ್ಮ ನನ್ನ ತೋಳು ಚಿವುಟಿದರು. ನನ್ನ ಸರದಿ. ನಾನೂ ಕೈ ಮುಗಿದೆ. ಆಡಿದ ರೀತಿಗೆ ಕ್ಷಮೆ ಕೇಳಿದೆ. ಆಡಿದ ಮಾತಿಗಲ್ಲ.

ಸೆಪ್ಟೆಂಬರ್ 13, ಕೇಣಿಚಿರ

ರೈತರ ಮೀಟಿಂಗ್. ಹಾಲ್ ತುಂಬಿದೆ. ಸ್ಲೈಡಿನಲ್ಲಿ ಹೊಲಗಳಿಗೆ ನಂಬರ್ ಮಾತ್ರ, ಹೆಸರಿಲ್ಲ. ಬಾಯಿಬಿಡದಿದ್ದರೆ ಯಾರಿಗೂ ಗೊತ್ತಾಗದು. ಆದರೆ ಸ್ವಂತ ಹೊಲ ಮುಚ್ಚಿಟ್ಟುಕೊಂಡು ಇವರಿಗೆಲ್ಲ ಯಾವ ಮುಖದಿಂದ ಬುದ್ಧಿ ಹೇಳಲಿ?

ಅಪ್ಪ ಬಂದಿದ್ದಾರೆ! ಬಾಗಿಲ ಪಕ್ಕ, ಕೊನೆಯ ಸಾಲು. ನನ್ನತ್ತ ನೋಡುತ್ತಿಲ್ಲ.

ಹೆಸರು ಕೂಗಿದರು. ಮೊದಲ ಮಾತಷ್ಟೇ ಬರೆದುಕೊಂಡು ಏಳುತ್ತೇನೆ —

ಹದಿನೇಳನೇ ಹೊಲ ನಮ್ಮದು. ನಮ್ಮದು ಜೇನು ಮುಟ್ಟದ ಮನೆ; ಅಲ್ಲಿ ಜೇನು ಸತ್ತದ್ದು ನಮ್ಮ ಮದ್ದಿನಿಂದ.